ಪಂಪ್‌ಸೆಟ್ ಬಲ್ಲ ಹುಡುಗನಿಗೆ ಪಿ.ಎಲ್.ಸಿ. ಬಾರದೇ?



ಕೆ.ಆರ್. ಪೇಟೆ ಕಡೆಯ ಒಬ್ಬ ಹುಡುಗ. ಹೆಸರು ಬೇಡ, ಅಂಥವನೊಬ್ಬ ನಿಮ್ಮ ಪಕ್ಕದ ಮನೆಯಲ್ಲೂ ಇದ್ದಾನೆ. ಡಿಪ್ಲೊಮಾ ಮುಗಿಸಿ ಕಾರ್ಖಾನೆಯೊಂದಕ್ಕೆ ಸಂದರ್ಶನಕ್ಕೆ ಹೋಗುತ್ತಾನೆ. ಮೇಜಿನ ಆಚೆ ಕೂತವರು ಇಂಗ್ಲಿಷಿನಲ್ಲಿ ಕೇಳುತ್ತಾರೆ: ‘ಸೀಲ್-ಇನ್ ಸರ್ಕ್ಯೂಟ್ ಎಂದರೇನು? ಪಿ.ಎಲ್.ಸಿ.ಯಲ್ಲಿ ಬರೆದು ತೋರಿಸು.’ ಹುಡುಗ ತಲೆ ತಗ್ಗಿಸುತ್ತಾನೆ. ಐದೇ ನಿಮಿಷಕ್ಕೆ ಹೊರಗೆ. ಬೆಂಗಳೂರಿಗೆ ಬಂದು ಬೈಕಿನ ಹಿಂದೆ ಊಟದ ಡಬ್ಬ ಕಟ್ಟಿಕೊಂಡು ಓಡಾಡುತ್ತಾನೆ.

ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ ಯಾವುದು ಗೊತ್ತೇ? ಆ ಪ್ರಶ್ನೆಗೆ ಉತ್ತರ ಅವನಿಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು. ಅಪ್ಪನ ಪಂಪ್‌ಸೆಟ್ ಮನೆಯ ಗೋಡೆಗೆ ಹೊಡೆದಿರುವ ಸ್ಟಾರ್ಟರ್ ಡಬ್ಬಿ ಅದೇ. ಹಸಿರು ಗುಂಡಿ ಒತ್ತಿ ಬೆರಳು ತೆಗೆದರೂ ಮೋಟಾರು ಓಡುತ್ತಲೇ ಇರುತ್ತದೆ. ಯಾಕೆ? ಗುಂಡಿ ಒತ್ತಿದಾಗ ಒಳಗಿನ ಕಾಯಿಲ್‌ಗೆ ಕರೆಂಟು ಹೋಗಿ ಕಾಂಟ್ಯಾಕ್ಟರ್ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡಾಗ ಹಸಿರು ಗುಂಡಿಯ ಪಕ್ಕದಲ್ಲೇ ಇನ್ನೊಂದು ಸಣ್ಣ ದಾರಿ ಮುಚ್ಚಿಕೊಂಡು, ಕಾಯಿಲ್ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಕೆಂಪು ಗುಂಡಿ ಒತ್ತಿದರೆ ಆ ಹಿಡಿತ ಬಿಡುತ್ತದೆ. ಕರೆಂಟು ಹೋದರೂ ಬಿಡುತ್ತದೆ. ಮತ್ತೆ ಬಂದಾಗ ತಾನಾಗಿ ಓಡುವುದಿಲ್ಲ. ಅದಕ್ಕೇ ಅಲ್ಲವೇ ರಾತ್ರಿ ತ್ರೀ ಫೇಸ್ ಬಂದಾಗ ನಿದ್ದೆಗೆಟ್ಟು ಎದ್ದು ಹೋಗುವುದು ಸಾಕಾಗಿ ನಮ್ಮ ರೈತರು ಆಟೋ ಸ್ಟಾರ್ಟರ್ ಕೂರಿಸಿಕೊಂಡದ್ದು?

ವಿಷಯ ಗೊತ್ತಿತ್ತು, ಅದರ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ. ಕೆಲಸ ಹೋಯಿತು. ನಾವು ಇದಕ್ಕೆ ‘ಪ್ರತಿಭೆಯ ಕೊರತೆ’ ಎನ್ನಬೇಕಂತೆ!

ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟದ್ದು 1986ರಲ್ಲಿ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿನ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಪತಿಗಳು ಹುಬ್ಬು ಗಂಟಿಕ್ಕಿದರು. ಒಂದೆರಡು ದಿನದಲ್ಲೇ ಅದನ್ನು ತಡೆಹಿಡಿಯಲಾಯಿತು. ಈ ಹೋರಾಟ ನಿಲ್ಲಬಾರದು, ನಿಲ್ಲಿಸಿ ಎಂದು ನಾವು ಹೇಳುವುದೂ ಇಲ್ಲ. ಆದರೆ ಕಾನೂನು ಬರಲಿ ಎಂದು ಕಾಯುತ್ತಾ ಕೂರುವಷ್ಟು ವಯಸ್ಸು ನಿಮ್ಮಲ್ಲಿ ಯಾರಿಗಿದೆ? ನಾಳೆ ಬಾಗಿಲು ತೆರೆದೇಬಿಟ್ಟಿತು ಎನ್ನಿ, ಒಳಗೆ ಹೋಗಿ ಯಂತ್ರದ ಮುಂದೆ ನಿಲ್ಲಲು ನಾವು ತಯಾರಿದ್ದೇವೆಯೇ? ಈ ವಾರ ಆ ಮಾತು.

ಪಿ.ಎಲ್.ಸಿ. ಎಂದರೆ ಏನೋ ದೊಡ್ಡ ಮಾಯೆ ಅಂದುಕೊಳ್ಳಬೇಡಿ. ನಮ್ಮ ನಾಲೆ ಬಯಲಿನ ನೀರುಗಂಟಿಯನ್ನು ನೆನೆಸಿಕೊಳ್ಳಿ. ಅವನು ಮೊದಲು ನೀರಿನ ಮಟ್ಟ ನೋಡುತ್ತಾನೆ. ಯಾರ ಸರದಿ, ಯಾವ ತೂಬು ಎಂದು ಲೆಕ್ಕ ಹಾಕುತ್ತಾನೆ. ಆಮೇಲೆ ತೂಬು ಎತ್ತುತ್ತಾನೆ ಅಥವಾ ಇಳಿಸುತ್ತಾನೆ. ಮತ್ತೆ ಮೊದಲಿನಿಂದ ನೋಡುತ್ತಾ ಹೋಗುತ್ತಾನೆ. ಪಿ.ಎಲ್.ಸಿ. ಮಾಡುವುದೂ ಇಷ್ಟೇ. ಗುಂಡಿಗಳು, ಸೆನ್ಸರ್‌ಗಳು ಏನು ಹೇಳುತ್ತಿವೆ ಎಂದು ಓದಿಕೊಳ್ಳುತ್ತದೆ. ನೀವು ಬರೆದುಕೊಟ್ಟ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನಡೆಸುತ್ತದೆ. ಮೋಟಾರು, ವಾಲ್ವ್, ದೀಪಗಳಿಗೆ ಅಪ್ಪಣೆ ಕೊಡುತ್ತದೆ. ಮತ್ತೆ ಮೊದಲಿಗೆ ಬರುತ್ತದೆ. ಒಂದು ಸುತ್ತಿಗೆ ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡು. ನೀರುಗಂಟಿಗೆ ದಣಿವಾಗುತ್ತದೆ, ಇದಕ್ಕೆ ಆಗುವುದಿಲ್ಲ. ವ್ಯತ್ಯಾಸ ಅಷ್ಟೇ.

ತಾನಾಗಿ ನಡೆಯುವ ಯಂತ್ರ ನಮ್ಮ ನೆಲಕ್ಕೆ ಹೊಸದೂ ಅಲ್ಲ. ವಿಶ್ವೇಶ್ವರಯ್ಯನವರು ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಕೂರಿಸಿದ್ದು 1903ರಲ್ಲಿ. ಆ ಬಗೆಯ ಗೇಟುಗಳು ಮುಂದೆ ಶ್ರೀರಂಗಪಟ್ಟಣದ ಪಕ್ಕದ ಕನ್ನಂಬಾಡಿಗೂ ಬಂದವು. ನಾಗಮಂಗಲದ ಗಡಿ ದಾಟಿ ಕುಣಿಗಲ್ ತಾಲ್ಲೂಕಿಗೆ ಕಾಲಿಟ್ಟರೆ ಮಾರ್ಕೋನಹಳ್ಳಿ. ಅಲ್ಲಿ ಕೆರೆ ತುಂಬಿ ನೀರು ಮಟ್ಟ ಮೀರಿದರೆ ಸೈಫನ್ ತಾನಾಗಿಯೇ ನೀರೆಳೆದು ಹೊರಕ್ಕೆ ಬಿಡುತ್ತದೆ. ಕಂಪ್ಯೂಟರ್ ಎಂಬ ಪದವೇ ಊರಿಗೆ ಬಾರದ ಕಾಲದಲ್ಲಿ ‘ಹೀಗಾದರೆ ಹಾಗೆ ಮಾಡು’ ಎಂಬ ನಿಯಮವನ್ನು ಕಲ್ಲು, ಕಬ್ಬಿಣ, ನೀರಿನಲ್ಲೇ ಬರೆದಿದ್ದರು. ಇವತ್ತು ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ದೂರದಲ್ಲಿ ಕೂತು ನಡೆಸುವ ವ್ಯವಸ್ಥೆ ಬಂದಿದೆ. ನಮ್ಮ ನಾಲೆಗಳಿಗೂ ನಾಳೆ ಅದು ಬಂದೇ ಬರುತ್ತದೆ. ಆಗ ಅದನ್ನು ನಡೆಸುವವರು ಯಾರು? ನೀರುಗಂಟಿಯ ಮಗನೋ, ಗುತ್ತಿಗೆದಾರ ಕರೆತಂದ ಪರಊರಿನವನೋ?

ಇನ್ನು ಇದರ ಭಾಷೆಯ ಮಾತು. ಇಲ್ಲೇ ನಮ್ಮ ಹುಡುಗರು ಹೆದರುವುದು. ಹೆದರಬೇಕಾದ್ದೇ ಇಲ್ಲ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಗೆ ಒಂದು ತಲೆನೋವಿತ್ತು. ಕಾರಿನ ಮಾದರಿ ಬದಲಾದಾಗಲೆಲ್ಲ ಗೋಡೆಯುದ್ದದ ರಿಲೇ ಪೆಟ್ಟಿಗೆಗಳ ವೈರು ಬಿಚ್ಚಿ ಮತ್ತೆ ಕಟ್ಟಬೇಕಾಗಿತ್ತು. ಅದಕ್ಕೆ ಪರಿಹಾರವಾಗಿ ಡಿಕ್ ಮಾರ್ಲಿ ಎಂಬ ಇಂಜಿನಿಯರ್ ಮತ್ತು ಗೆಳೆಯರು ‘ಮೋಡಿಕಾನ್ 084’ ಎಂಬ ಪೆಟ್ಟಿಗೆ ಮಾಡಿದರು. ಅದು ಅವರ 84ನೇ ಕೆಲಸವಾದ್ದರಿಂದ ಆ ಹೆಸರು. ಆದರೆ ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗಳಿಗೆ ಕಂಪ್ಯೂಟರ್ ಭಾಷೆ ಬರುತ್ತಿರಲಿಲ್ಲ. ಅವರಿಗೆ ಬರುತ್ತಿದ್ದುದು ರಿಲೇ ನಕ್ಷೆ. ಹಾಗಾಗಿ ಆ ನಕ್ಷೆಯನ್ನೇ ಭಾಷೆಯಾಗಿ ಮಾಡಿದರು. ಅದೇ ಲ್ಯಾಡರ್. ಎರಡು ಕಡೆ ಎರಡು ಗೂಟ, ನಡುವೆ ಮೆಟ್ಟಿಲು. ಏಣಿಯ ಚಿತ್ರ!

ಗಮನಿಸಿ ಗೆಳೆಯರೇ. ಅಮೆರಿಕದಲ್ಲಿ ಕೆಲಸಗಾರನ ಭಾಷೆಗೆ ಯಂತ್ರವನ್ನು ಬಗ್ಗಿಸಿದರು. ನಮ್ಮಲ್ಲಿ ಯಂತ್ರದ ಹೆಸರು ಹೇಳಿ ಕೆಲಸಗಾರನನ್ನು ಬಗ್ಗಿಸುತ್ತಿದ್ದೇವೆ.

ಹಾಗಾದರೆ ಶುರು ಮಾಡುವುದು ಎಲ್ಲಿಂದ? ಊರಿನ ಪಂಪ್‌ಸೆಟ್ ಮನೆಯಿಂದಲೇ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ, ಮೇನ್ ಸ್ವಿಚ್ ಆರಿಸಿ, ಬಲ್ಲವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಸ್ಟಾರ್ಟರ್ ಮುಚ್ಚಳ ತೆಗೆಸಿ ನೋಡಿ. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಾಗದದ ಮೇಲೆ ಬರೆಯಿರಿ. ಅದೇ ನಿಮ್ಮ ಮೊದಲ ಲ್ಯಾಡರ್.

ಎರಡನೆಯದು, ಹಣ ಖರ್ಚು ಮಾಡಬೇಡಿ. ಸರ್ಟಿಫಿಕೇಟಿನ ಆಸೆ ತೋರಿಸಿ ಸಾವಿರ ಸಾವಿರ ಕೀಳುವ ಬಣ್ಣದ ಬೋರ್ಡುಗಳು ಗಲ್ಲಿಗೊಂದಿವೆ. ಮೊದಲೇ ಅಲ್ಲಿಗೆ ಓಡಬೇಡಿ. ಕೋಡೆಸಿಸ್ ಎಂಬ ತಂತ್ರಾಂಶ ಕಲಿಯುವವರಿಗೆ ಪುಕ್ಕಟೆ ಸಿಗುತ್ತದೆ. ಓಪನ್ ಪಿ.ಎಲ್.ಸಿ. ಎಂಬುದು ಸಂಪೂರ್ಣ ಮುಕ್ತ, ಅದನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲೂ ಓಡಿಸಬಹುದು. ಡೆಲ್ಟಾ, ಶ್ನೈಡರ್ ಕಂಪನಿಗಳ ಸಣ್ಣ ಪಿ.ಎಲ್.ಸಿ.ಗಳ ತಂತ್ರಾಂಶಕ್ಕೂ ದುಡ್ಡು ಕೇಳುವುದಿಲ್ಲ. ಯಂತ್ರವಿಲ್ಲದೆಯೇ ಪರದೆಯ ಮೇಲೆ ಓಡಿಸಿ ನೋಡುವ ಸಿಮ್ಯುಲೇಟರ್ ಇವುಗಳಲ್ಲಿ ಇದೆ. ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ಯಾವ ಕಂಪನಿಯದ್ದು ಕಲಿಯಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ. 1993ರಲ್ಲೇ ಈ ಭಾಷೆಗಳಿಗೆ ಐ.ಇ.ಸಿ. 61131-3 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಒಂದರಲ್ಲಿ ಕೈ ಪಳಗಿದರೆ ಇನ್ನೊಂದು ತಾನಾಗಿ ಬರುತ್ತದೆ.

ಮೂರನೆಯದು, ಬರೆಯಬೇಕಾದ್ದನ್ನು ಕ್ರಮವಾಗಿ ಬರೆಯಿರಿ. ಮೊದಲು ಪಂಪಿನ ಸ್ಟಾರ್ಟ್-ಸ್ಟಾಪ್. ಇಲ್ಲೇ ಎಲ್ಲರೂ ಒಮ್ಮೆ ಎಡವುತ್ತಾರೆ. ಕೆಂಪು ಗುಂಡಿ ಸದಾ ಕರೆಂಟು ಹರಿಯುತ್ತಿರುವ ಗುಂಡಿ. ಒತ್ತಿದಾಗ ಮಾತ್ರ ಕಡಿಯುತ್ತದೆ. ಅಂದರೆ ಒತ್ತದೆ ಇರುವಾಗ ಪಿ.ಎಲ್.ಸಿ.ಗೆ ಅದು ‘1’ ಎಂದೇ ಕಾಣುತ್ತದೆ. ಆದ್ದರಿಂದ ಲ್ಯಾಡರ್‌ನಲ್ಲಿ ಅದಕ್ಕೆ ಓರೆಗೆರೆ ಎಳೆದ ಗುರುತು ಹಾಕಬಾರದು, ಸಾದಾ ಗುರುತನ್ನೇ ಹಾಕಬೇಕು. ಇಷ್ಟು ತೊಂದರೆ ಯಾಕೆ? ಇಲಿ ವೈರು ಕಡಿದರೂ ಮೋಟಾರು ನಿಲ್ಲಬೇಕು, ಓಡುತ್ತಲೇ ಇರಬಾರದು. ಅದಕ್ಕೆ.

ಆಮೇಲೆ ಓವರ್‌ಹೆಡ್ ಟ್ಯಾಂಕಿಗೆ ಕೆಳಗೊಂದು ಮೇಲೊಂದು ಫ್ಲೋಟ್ ಇಟ್ಟು ಪಂಪನ್ನು ನಡೆಸಿ. ಟೈಮರ್ ಸೇರಿಸಿ ಸ್ಟಾರ್-ಡೆಲ್ಟಾ ಮಾಡಿ. ಕೌಂಟರ್ ಸೇರಿಸಿ ಮೂಟೆ ಎಣಿಸಿ. ಅಲ್ಲಿಂದ ಸಕ್ಕರೆ ಕಾರ್ಖಾನೆಗೆ ಬನ್ನಿ. 2020ರಲ್ಲಿ ಗುತ್ತಿಗೆಗೆ ಹೋದ ಪಾಂಡವಪುರದ ಸಹಕಾರಿ ಕಾರ್ಖಾನೆ ಇದೆ, ಕೆ.ಆರ್. ಪೇಟೆಯ ಮಾಕವಳ್ಳಿಯಲ್ಲಿ ಇನ್ನೊಂದಿದೆ. ಕಬ್ಬಿನ ಗಾಡಿ ಸಾಲು ನಿಂತದ್ದನ್ನು ನೋಡಿರುವವರು ಯಾರಾದರೂ ಈ ಪ್ರಶ್ನೆ ಕೇಳಬಹುದು: ಕಬ್ಬು ಅರೆಯುವ ಮಿಲ್ಲು ನಿಂತುಹೋದರೆ ಕಬ್ಬು ಹೊತ್ತು ತರುವ ಕ್ಯಾರಿಯರ್ ಏನಾಗಬೇಕು? ತಕ್ಷಣ ನಿಲ್ಲಬೇಕು. ಇಲ್ಲದಿದ್ದರೆ ಕಬ್ಬು ಒಂದರ ಮೇಲೊಂದು ಬಿದ್ದು ಗಂಟಲು ಕಟ್ಟುತ್ತದೆ. ಹಾಗಾಗಿ ಶುರು ಮಾಡುವಾಗ ಕೊನೆಯ ಯಂತ್ರದಿಂದ ಹಿಂದಕ್ಕೆ, ನಿಲ್ಲಿಸುವಾಗ ಮೊದಲನೆಯದರಿಂದ ಮುಂದಕ್ಕೆ. ಇದಕ್ಕೆ ಇಂಟರ್‌ಲಾಕ್ ಎನ್ನುತ್ತಾರೆ. ಮೂರು ಮೋಟಾರಿಗೆ ಇದನ್ನು ಬರೆಯಬಲ್ಲ ಹುಡುಗನನ್ನು ಯಾವ ಸಂದರ್ಶನದಲ್ಲೂ ಐದು ನಿಮಿಷಕ್ಕೆ ಹೊರಗೆ ಕಳಿಸುವುದು ಸುಲಭವಲ್ಲ.

ಮುಂದೆ ಅನಲಾಗ್. ಟ್ಯಾಂಕಿನ ಮಟ್ಟ, ರಸದ ಉಷ್ಣತೆ, ಉಗಿಯ ಒತ್ತಡ ಇವೆಲ್ಲ ಹೆಚ್ಚಾಗಿ 4ರಿಂದ 20 ಮಿಲಿ ಆಂಪಿಯರ್ ಕರೆಂಟಾಗಿ ಪಿ.ಎಲ್.ಸಿ.ಗೆ ಬರುತ್ತವೆ. ಸೊನ್ನೆಯಿಂದ ಯಾಕಲ್ಲ, 4ರಿಂದ ಯಾಕೆ? ಟ್ಯಾಂಕು ಖಾಲಿಯಾದರೆ 4 ಬರುತ್ತದೆ, ವೈರು ಕಡಿದರೆ ಸೊನ್ನೆ ಬರುತ್ತದೆ. ಖಾಲಿ ಯಾವುದು, ಕೆಟ್ಟದ್ದು ಯಾವುದು ಎಂದು ಯಂತ್ರಕ್ಕೆ ಗೊತ್ತಾಗಬೇಕಲ್ಲ! ಹೀಗೆ ಪ್ರತಿಯೊಂದಕ್ಕೂ ‘ಯಾಕೆ’ ಎಂದು ಕೇಳಿ. ಬಾಯಿಪಾಠ ಮಾಡಿದವನು ವೈರು ಕಡಿದ ದಿನ ಸಿಕ್ಕಿಬೀಳುತ್ತಾನೆ.

ಒಂದು ಎಚ್ಚರಿಕೆ. ಪರದೆಯ ಮೇಲೆ ತಪ್ಪಿದರೆ ಕೆಂಪು ಗೆರೆ ಬರುತ್ತದೆ, ಕಾರ್ಖಾನೆಯಲ್ಲಿ ತಪ್ಪಿದರೆ ಯಾರದೋ ಕೈ ಹೋಗುತ್ತದೆ. ತುರ್ತು ನಿಲುಗಡೆಯ ಗುಂಡಿಯನ್ನು ಪ್ರೋಗ್ರಾಂ ನಂಬಿ ಬಿಡಬಾರದು. ಪ್ರೋಗ್ರಾಂ ಏನೇ ಹೇಳಲಿ, ವೈರಿನಲ್ಲೇ ಕರೆಂಟು ಕಡಿಯುವಂತಿರಬೇಕು. ಕಲಿಯುವಾಗ 24 ವೋಲ್ಟ್ ದಾಟಬೇಡಿ. ಓಡುತ್ತಿರುವ ಯಂತ್ರದ ಮೇಲೆ ಪ್ರಯೋಗ ಮಾಡಬೇಡಿ. ಜಾಣತನಕ್ಕಿಂತ ಜೀವ ದೊಡ್ಡದು.

ಕಲಿಸುವವರು ಇಲ್ಲವೇ? ಕಟ್ಟಡಗಳಿಗಂತೂ ಬರವಿಲ್ಲ. ಕೆ.ಆರ್. ಪೇಟೆಯಲ್ಲಿ 2007ರಿಂದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಕಾಲೇಜುಗಳಿವೆ. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟನೆಯೂ ಆಯಿತು. ರಿಬ್ಬನ್ ಕತ್ತರಿಸಿದ ಮೇಲೆ ಆ ಯಂತ್ರಗಳ ಮೇಲೆ ಹುಡುಗರ ಕೈ ಆಡುತ್ತಿದೆಯೋ, ಹೊದಿಕೆ ಆಡುತ್ತಿದೆಯೋ? ನಿಮ್ಮ ಊರಿನ ಐ.ಟಿ.ಐ.ಗೆ ಹೋಗಿ ಕೇಳಿ. ಇದು ಭಿಕ್ಷೆಯಲ್ಲ, ನಿಮ್ಮ ಅಪ್ಪ ಕಟ್ಟಿದ ತೆರಿಗೆಯ ಲೆಕ್ಕ. ಅಧ್ಯಾಪಕರನ್ನು ಕನ್ನಡದಲ್ಲೇ ವಿವರಿಸಿ ಎಂದು ಕೇಳಲು ಸಂಕೋಚ ಬೇಡ. ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲೇ ಎ.ಐ.ಸಿ.ಟಿ.ಇ. ಕೆಲವು ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. ಸೇರಲು ಹೆಚ್ಚು ಮಂದಿ ಮುಂದೆ ಬರಲಿಲ್ಲ. ಯಾಕೆ? ಕನ್ನಡದಲ್ಲಿ ಕಲಿತರೆ ಕೆಲಸ ಸಿಗದು ಎಂಬ ಹೆದರಿಕೆ. ಆ ಹೆದರಿಕೆ ಸುಳ್ಳು ಎಂದು ಭಾಷಣದಿಂದ ತೋರಿಸಲಾಗುವುದಿಲ್ಲ, ಕೆಲಸ ಮಾಡಿ ತೋರಿಸಬೇಕು.

ಅದಕ್ಕೆ ನಮ್ಮದು ಸೀದಾ ಮಾತು. ತಿಳಿಯುವುದನ್ನು ಕನ್ನಡದಲ್ಲಿ ತಿಳಿಯಿರಿ. ಇಂಗ್ಲಿಷ್ ಹೆಸರನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಕೈಪಿಡಿಗಳು ಇರುವುದು ಅದರಲ್ಲೇ. ಇಂಗ್ಲಿಷ್ ನಮ್ಮ ಶತ್ರುವಲ್ಲ; ಇಂಗ್ಲಿಷ್ ಬಾರದವನಿಗೆ ಬುದ್ಧಿಯೇ ಇಲ್ಲ ಎನ್ನುವ ಸೊಕ್ಕು ನಮ್ಮ ಶತ್ರು. ನೀವು ಕಲಿತ ಪ್ರತಿ ಪಾಠವನ್ನೂ ಕನ್ನಡದಲ್ಲಿ ಒಂದು ನೋಟ್‌ಬುಕ್ಕಿಗೆ ಇಳಿಸಿ, ಊರಿನ ಐ.ಟಿ.ಐ. ಹುಡುಗನಿಗೆ ಕೊಡಿ.

ಕೊನೆಯದಾಗಿ, ಸಂಘಟನೆಗಳ ಗೆಳೆಯರಲ್ಲಿ ಒಂದು ಕೋರಿಕೆ. ಈ ಸಲದ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬೇಡ. ಆ ಹಣದಲ್ಲಿ ಎಸ್.ಪಿ. ರಸ್ತೆಗೆ ಹೋಗಿ ಒಂದು ಸಣ್ಣ ಪಿ.ಎಲ್.ಸಿ., ಒಂದು 24 ವೋಲ್ಟಿನ ಸಪ್ಲೈ, ನಾಲ್ಕು ದೀಪ, ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ ತನ್ನಿ. ಹಲಗೆಗೆ ಸ್ಕ್ರೂ ಹೊಡೆದು ಸಂಘದ ಕಚೇರಿಯಲ್ಲಿ ಇಡಿ. ಭಾನುವಾರ ಬಂದ ಹುಡುಗರಿಗೆ, ಹುಡುಗಿಯರಿಗೆ ತೋರಿಸಿ. ಹಾಡು ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ. ಈ ಹಲಗೆ ಹತ್ತು ಮನೆಗೆ ಅನ್ನ ಹಾಕುತ್ತದೆ.

ಹಸಿರು ಗುಂಡಿ ಒತ್ತುವ ಕೆಲಸ ನಿಮ್ಮದು.