ಬೇಲಿ ಎದ್ದು ಹೊಲ ಮೇದರೆ, ಹೊಲ ಬಿಟ್ಟು ಹೋಗುತ್ತೀರಾ?



ಆರಾಧನೆ ಮುಗಿಸಿ ಗೇಟು ದಾಟುವವರಿಗೆಲ್ಲ ಈ ಹಾಳೆ ಕೊಡುತ್ತಿದ್ದೇವೆ. ಒಳಗೆ ಕಾಲಿಡುವುದನ್ನೇ ಬಿಟ್ಟು, ರಸ್ತೆಯ ಆಚೆ ಬೈಕ್ ನಿಲ್ಲಿಸಿಕೊಂಡು ಹೆಂಡತಿ ಮಕ್ಕಳಿಗಾಗಿ ಕಾಯುವವರಿಗೆ ಹುಡುಕಿಕೊಂಡು ಬಂದು ಕೊಡುತ್ತಿದ್ದೇವೆ. ನಿಮ್ಮ ಸಿಟ್ಟು ಸುಳ್ಳಲ್ಲ. ಸಭೆಯ ಜಾಗ ಮಾರಿದ್ದು ಪೇಪರ್ ನೋಡಿ ತಿಳಿಯಬೇಕು. ಕಮಿಟಿ ಚುನಾವಣೆ ಬಂದರೆ ಕೋರ್ಟು ಕೇಸು. ಹೆಣ್ಣುಮಗಳೊಬ್ಬಳು ದೂರು ಹೇಳಿದರೆ ಅವಳ ನಡತೆಯ ವಿಚಾರಣೆ, ಅಯ್ಯನವರಿಗೆ ಮಾತ್ರ ಬೇರೆ ಊರಿಗೆ ವರ್ಗ. ಇದನ್ನೆಲ್ಲ ಕಂಡವನಿಗೆ ‘ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತದೆ’ ಎಂದರೆ ಮೈ ಉರಿಯದೆ ಇರುತ್ತದೆಯೇ?

ಸಮುವೇಲನ ಮೊದಲ ಪುಸ್ತಕ ತೆಗೆಯಿರಿ. ದೇವರು ರಾತ್ರಿ ಹೆಸರು ಹಿಡಿದು ಕರೆದ ಹುಡುಗನ ಕತೆಯನ್ನು ಸಂಡೇ ಸ್ಕೂಲಿನಲ್ಲಿ ಎಲ್ಲರೂ ಕೇಳಿದ್ದೇವೆ. ಕರೆದು ಏನು ಹೇಳಿದನು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ, ಜಾಣರು! ಶೀಲೋವಿನ ಯಾಜಕ ಏಲಿಗೆ ಇಬ್ಬರು ಮಕ್ಕಳು, ಹೊಫ್ನಿ ಮತ್ತು ಫೀನೆಹಾಸ. ಜನ ಬಲಿ ತಂದರೆ ಆಳು ಮೂರು ಮೊನೆಯ ಕೊಕ್ಕೆ ಹಾಕಿ ಮಾಂಸ ಎತ್ತುತ್ತಿದ್ದ. ಕೊಡದಿದ್ದರೆ ಕಿತ್ತುಕೊಳ್ಳುವೆನೆಂದು ಗದರುತ್ತಿದ್ದ. ಗುಡಾರದ ಬಾಗಿಲಲ್ಲಿ ಸೇವೆ ಮಾಡುವ ಹೆಂಗಸರನ್ನೂ ಆ ಅಣ್ಣತಮ್ಮಂದಿರು ಬಿಡಲಿಲ್ಲ. ಏಲಿಗೆ ಎಲ್ಲ ಗೊತ್ತಿತ್ತು. ಬೈದ, ಅಷ್ಟೇ; ಪಟ್ಟದಿಂದ ಇಳಿಸಲಿಲ್ಲ. ದೇವರು ಆ ಹುಡುಗನಿಗೆ ಕೊಟ್ಟ ಮೊದಲ ಸಂದೇಶವೇ ಅವನ ಗುರು ಏಲಿಯ ಮನೆತನದ ಮೇಲಿನ ತೀರ್ಪು. ಬೆಳಿಗ್ಗೆ ಹೇಳಲು ಹೆದರಿದ. ಏಲಿಯೇ ಒತ್ತಾಯಿಸಿದ ಮೇಲೆ ಒಂದನ್ನೂ ಮುಚ್ಚಿಡದೆ ಹೇಳಿದ.

ಆ ಹುಡುಗನನ್ನು ಹೆತ್ತವಳು ಹನ್ನ. ಮಾಂಸ ಕದಿಯುವವರು ಯಾಜಕರಾಗಿದ್ದ ಅದೇ ಶೀಲೋವಿಗೆ ಅವಳು ವರ್ಷವೂ ಹೋಗುತ್ತಿದ್ದಳು. ತುಟಿ ಅಲುಗಿಸುತ್ತ ಅಳುತ್ತಿದ್ದವಳನ್ನು ನೋಡಿ ಏಲಿ, ಕುಡಿದು ಬಂದಿದ್ದಾಳೆ ಎಂದುಕೊಂಡ. ಅವಳು ಎದ್ದು ಹೋಗಲಿಲ್ಲ. ಬಾಯಿ ಮುಚ್ಚಿಕೊಂಡೂ ಕೂರಲಿಲ್ಲ. ‘ಸ್ವಾಮೀ, ನೀವು ತಪ್ಪು ತಿಳಿದಿದ್ದೀರಿ’ ಎಂಬರ್ಥದಲ್ಲಿ ಮರ್ಯಾದೆಯಿಂದಲೇ ಎದುರು ಮಾತಾಡಿದಳು. ಅವಳು ಬಂದದ್ದು ಏಲಿಯನ್ನು ನಂಬಿಯಲ್ಲ, ದೇವರನ್ನು ನಂಬಿ. ಆ ಎದೆಗಾರಿಕೆ ನಮಗೂ ಬೇಕು.

ನಮ್ಮ ಕಾಲದ್ದೇ ಬೇಕೆಂದರೆ ರವಿ ಜಕರಾಯಸ್ ಅವರನ್ನು ನೆನೆಯಿರಿ. 1946ರಲ್ಲಿ ಚೆನ್ನೈಯಲ್ಲಿ ಹುಟ್ಟಿ, ಜಗತ್ತಿನ ತುಂಬ ಕ್ರಿಸ್ತನ ಪರವಾಗಿ ವಾದಿಸಿದವರು. 2017ರಲ್ಲಿ ಒಬ್ಬ ಹೆಣ್ಣುಮಗಳು ದೂರು ಎತ್ತಿದಾಗ ಅವರು ಅವಳ ಮೇಲೆಯೇ ಕೇಸು ಹಾಕಿದರು. ಕೊನೆಗೆ ಬಾಯಿ ಬಿಡಬಾರದೆಂಬ ಕರಾರಿನೊಂದಿಗೆ ರಾಜಿಯಾಯಿತು. ಅವರ ಸಂಸ್ಥೆ ಅವರನ್ನೇ ನಂಬಿತು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು, ಹೊಗಳಿಕೆಯ ಮಳೆ ಸುರಿಯಿತು. 2021ರ ಫೆಬ್ರವರಿಯಲ್ಲಿ, ಅದೇ ಸಂಸ್ಥೆ ನೇಮಿಸಿದ ವಕೀಲರ ವರದಿ ಹೊರಬಂತು: ಅವರು ಲೈಂಗಿಕ ದೌರ್ಜನ್ಯ ಎಸಗಿದ್ದು ನಿಜ, ಅದೂ ಒಬ್ಬಿಬ್ಬರ ಮೇಲಲ್ಲ. ಸಂಸ್ಥೆ ಆ ಮೊದಲ ಹೆಣ್ಣುಮಗಳ ಕ್ಷಮೆ ಕೇಳಿತು. ಅಷ್ಟರಲ್ಲಿ ಅವಳು ‘ಸುಳ್ಳುಗಾತಿ’ ಎಂಬ ಹೆಸರು ಹೊತ್ತು ಮೂರು ವರ್ಷ ದಾಟಿತ್ತು.

ಜಕರಾಯಸ್ ಅವರ ಮಾತು ಕೇಳಿ ನಂಬಿಕೆಗೆ ಬಂದವರ ಗತಿಯೇನು? ಕೆಟ್ಟ ಗುರುಗಳ ಕೈಯಿಂದ ಪಡೆದ ದೀಕ್ಷಾಸ್ನಾನ, ಪರಮಪ್ರಸಾದ ಎಲ್ಲ ವ್ಯರ್ಥವೇ? ಈ ಪ್ರಶ್ನೆ ಹಳೆಯದು. 303ರಲ್ಲಿ ಶುರುವಾದ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ನನ ಹಿಂಸೆಗೆ ಹೆದರಿ ಉತ್ತರ ಆಫ್ರಿಕದ ಕೆಲವು ಬಿಷಪರು ಪವಿತ್ರ ಗ್ರಂಥಗಳನ್ನು ಸೈನಿಕರ ಕೈಗೆ ಒಪ್ಪಿಸಿಬಿಟ್ಟರು. ಅಂಥವರ ಕೈಯ ಸಂಸ್ಕಾರ ಸಲ್ಲದು ಎಂದು ಡೊನಾಟಿಸ್ಟರು ಬೇರೆಯಾದರು. ಹಿಪ್ಪೋದ ಅಗಸ್ಟೀನರು ಒಪ್ಪಲಿಲ್ಲ: ಸ್ನಾನ ಮಾಡಿಸುವವನು ಕ್ರಿಸ್ತನೇ, ಗುರು ಬರೀ ಕೈಯಾಳು ಎಂಬುದು ಅವರ ವಾದದ ತಿರುಳು. (ಅದೇ ಅಗಸ್ಟೀನರು ಮುಂದೆ ಡೊನಾಟಿಸ್ಟರ ಮೇಲೆ ಸರ್ಕಾರಿ ಬಲ ಪ್ರಯೋಗಿಸುವುದನ್ನು ಒಪ್ಪಿದರು, ದೊಡ್ಡವರೂ ಎಡವುತ್ತಾರೆ.) ನಿಮ್ಮ ದೀಕ್ಷಾಸ್ನಾನ ನಿಮ್ಮದೇ. ಅದನ್ನು ಯಾವ ಪಾಸ್ಟರ್, ಯಾವ ಬಿಷಪ್ ಹಾಳುಮಾಡಲಾರರು.

ಆದರೆ ಇದೇ ಮಾತನ್ನು ಹಿಡಿದು ‘ಹಾಗಾದರೆ ಗುರುಗಳನ್ನು ಕೇಳುವುದೇಕೆ’ ಎನ್ನುವವರೂ ಇದ್ದಾರೆ. ಅಂತಿಯೋಕ್ಯದಲ್ಲಿ ಪೇತ್ರನು ತಪ್ಪಿದಾಗ ಪೌಲನು ಎಲ್ಲರೆದುರೇ ಕೇಳಿದನು. ಪೇತ್ರನಿಗಿಲ್ಲದ ವಿನಾಯಿತಿ ನಮ್ಮ ಅಯ್ಯನವರಿಗೆ, ಫಾದರಿಗೆ ಎಲ್ಲಿಂದ ಬಂತು?

ಇನ್ನೊಂದು ಮಾತು ನಮ್ಮಲ್ಲಿ ಬಲವಾಗಿದೆ: ‘ನಾವು ಅಲ್ಪಸಂಖ್ಯಾತರು, ಮನೆಯ ಮಾತು ಬೀದಿಗೆ ಬಂದರೆ ವೈರಿಗಳಿಗೆ ಹಬ್ಬ.’ ಹೆದರಿಕೆಗೆ ಕಾರಣವಿದೆ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿದವರನ್ನು ನಾವು ಮರೆತಿಲ್ಲ. ಅವತ್ತು ಚರ್ಚಿನ ಅಂಗಳಕ್ಕೆ ಓಡಿಬಂದು ಲಾಠಿ ಏಟು ತಿಂದವರಲ್ಲಿ ಬಹಳಷ್ಟು ಜನ ಸಾಮಾನ್ಯ ಸಭಿಕರು. ಏಟು ತಿನ್ನಲು ಬೇಕಾದವರು ಲೆಕ್ಕ ಕೇಳಲು ಬೇಡವಾದರೇ?

ಕೇಳಿದರೆ ಏನೂ ಆಗುವುದಿಲ್ಲ ಎನ್ನಬೇಡಿ. ಮೈಸೂರು ಧರ್ಮಪ್ರಾಂತ್ಯದ 37 ಗುರುಗಳು 2019ರಲ್ಲಿ ತಮ್ಮ ಬಿಷಪರ ವಿರುದ್ಧ ಪೋಪರಿಗೇ ಪತ್ರ ಬರೆದರು. ಬಿಷಪರು ಆರೋಪಗಳನ್ನು ಅಲ್ಲಗಳೆದರು. ನಿಜ ಯಾವುದೆಂದು ತೀರ್ಮಾನಿಸಲು ಈ ಕರಪತ್ರ ಕೋರ್ಟಲ್ಲ. ಆದರೆ 2023ರ ಜನವರಿಯಲ್ಲಿ ರೋಮ್ ಅವರನ್ನು ರಜೆಯ ಮೇಲೆ ಕಳಿಸಿ, ಬೆಂಗಳೂರಿನ ನಿವೃತ್ತ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸ್ ಅವರಿಗೆ ಆಡಳಿತ ವಹಿಸಿತು. ತಡವಾಯಿತು, ನಿಜ. ಪತ್ರವೇ ಹೋಗದಿದ್ದರೆ?

ಈಗ ಕೆಲಸದ ಮಾತು. ಮಗುವಿನ ಮೇಲೆ ಕೈ ಬಿದ್ದಿದೆ ಎಂಬ ಸಂಶಯ ಬಂದರೂ ಸಾಕು, ಬಿಷಪರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 1098ಕ್ಕೆ ಫೋನ್ ಮಾಡಿ, ಪೊಲೀಸ್ ಠಾಣೆಗೆ ಹೋಗಿ. 2012ರ ಪೋಕ್ಸೊ ಕಾಯಿದೆಯಂತೆ ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಆ ಮಗುವಿನ ಹೆಸರು, ಫೋಟೊ ವಾಟ್ಸಾಪಿಗೆ ಹಾಕಬೇಡಿ, ಪ್ರಾರ್ಥನಾ ಗುಂಪಿಗಂತೂ ಬೇಡವೇ ಬೇಡ.

ಹಣದ ವಿಷಯಕ್ಕೆ ಬಂದರೆ, ನಿಮ್ಮ ಸಭೆ ಸಂಘವಾಗಿ ನೋಂದಣಿಯಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ ನಿಮ್ಮ ಕೈಯಲ್ಲಿದೆ. ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಕೇಳಿದರೆ ರಿಜಿಸ್ಟ್ರಾರ್ ವಿಚಾರಣೆ ನಡೆಸಲೇಬೇಕು. ಕಥೋಲಿಕರೇ, ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಬೇಕೆಂದು ನಿಮ್ಮ ಧರ್ಮಸಭೆಯ ಕಾನೂನಿನ 537ನೆಯ ವಿಧಿಯೇ ಹೇಳುತ್ತದೆ. ನಿಮ್ಮಲ್ಲಿ ಅದು ಕೊನೆಯ ಸಲ ಯಾವಾಗ ಕೂಡಿತ್ತು, ಕೇಳಿ.

ಸಂಬಳ ಸರಿಯಾಗಿ ಬರದಿದ್ದರೂ ಹಳ್ಳಿ ಹಳ್ಳಿ ಸುತ್ತಿ ಸೇವೆ ಮಾಡುವ ಪ್ರಾಮಾಣಿಕ ಸೇವಕರು ನಮ್ಮಲ್ಲಿದ್ದಾರೆ. ಲೆಕ್ಕ ಕೇಳಿದರೆ ಮೊದಲು ಸಂತೋಷಪಡುವವರು ಅವರೇ. ಅವರ ಬಳಿ ಹೋಗಿ ಮಾತಾಡಿ, ಜೊತೆಗೆ ಕರೆದುಕೊಳ್ಳಿ.

ಬೈಕ್ ಬಳಿ ನಿಂತ ಅಣ್ಣಂದಿರೇ, ಬರುವ ಭಾನುವಾರ ಒಳಗೆ ಬನ್ನಿ. ಪ್ರಾರ್ಥನೆ ಮುಗಿದ ಮೇಲೂ ಕೂತಿರಿ. ಮುಂದಿನ ಜನರಲ್ ಬಾಡಿಯ ತಾರೀಖನ್ನು ಬಾಯಿಮಾತಿನಲ್ಲಿ ಬೇಡ, ಬರೆದು ಕೇಳಿ, ಸ್ವೀಕೃತಿ ಪಡೆಯಿರಿ. ಆಡಿಟ್ ಆದ ಲೆಕ್ಕ ಒಂದು ವಾರ ಮೊದಲೇ ಕೈಗೆ ಬರಬೇಕೆಂದು ಅದೇ ಕಾಗದದಲ್ಲಿ ಸೇರಿಸಿ. ಹೆಂಗಸರೂ ಯುವಕರೂ ಸಹಿ ಹಾಕಲಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಬೆಂಚಿನವರಿಗೆ ದಾಟಿಸಿ.

ಇಂತಿ,
ಹಿಂದಿನ ಬೆಂಚಿನ ಸಭಿಕರು