ಬೆನ್ನ ಮೇಲಿನ ಲೆಕ್ಕಿಗ

ಕೊಡಗಿನಲ್ಲಿ ಹಾಕಿ ಮನೆತನದ ಆಟ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನು ಕೂಡಿಸಿ ಆರಂಭಿಸಿದ ಪಂದ್ಯಾವಳಿಯು ಬೆಳೆದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಸೆಣಸಿದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದಾದ ಆ ಉತ್ಸವದಲ್ಲಿ ಆಟಗಾರನ ಓಟಕ್ಕೆ ನೋಡುವ ಕಣ್ಣೇ ಅಳತೆಗೋಲು.

ಅದೇ ನಾಡಿನ ಹುಡುಗ ರಾಷ್ಟ್ರೀಯ ತಂಡದ ಶಿಬಿರಕ್ಕೆ ಹೋದನೆಂದರೆ ಅಳತೆಯ ಬಗೆಯೇ ಬೇರೆ. ಅಂಗಿಯೊಳಗೆ, ಎರಡು ಹೆಗಲುಗಳ ನಡುವೆ, ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಉಪಕರಣವೊಂದನ್ನು ಅವನು ಧರಿಸುತ್ತಾನೆ. ಅದು ಉಪಗ್ರಹಗಳ ಸಂಕೇತವನ್ನು ಹಿಡಿದು ಸೆಕೆಂಡಿಗೆ 10 ಬಾರಿ ಅವನಿರುವ ಸ್ಥಳವನ್ನು ಗುರುತಿಸುತ್ತದೆ. ಅದರೊಳಗಿನ ಮತ್ತೊಂದು ಸೂಕ್ಷ್ಮ ಯಂತ್ರವು ಸೆಕೆಂಡಿಗೆ 100 ಬಾರಿ ಮೈಯ ಕುಲುಕಾಟವನ್ನೂ ತಿರುವನ್ನೂ ಅಳೆಯುತ್ತದೆ. ಎಲ್ಲ ಆಟಗಾರರ ಲೆಕ್ಕವೂ ತಂತಿಯಿಲ್ಲದೆಯೇ ಮೈದಾನದ ಅಂಚಿನ ಗಣಕಯಂತ್ರಕ್ಕೆ ಬಂದು ಸೇರುತ್ತದೆ. ಯಾರ ವೇಗ ಕುಗ್ಗಿತು, ಯಾರನ್ನು ಹೊರಗೆ ಕರೆಯಬೇಕು ಎಂಬುದು ತರಬೇತುದಾರನಿಗೆ ಆಗಿಂದಾಗಲೇ ತಿಳಿಯುತ್ತದೆ.

ಇದರಿಂದ ಉಪಕಾರವುಂಟು. ದಣಿದ ಸ್ನಾಯು ಬಹು ಬೇಗ ಹರಿಯುತ್ತದೆ. ಹುರುಪಿನ ಹುಡುಗನಾದರೋ ದಣಿವನ್ನು ಒಪ್ಪಿಕೊಳ್ಳಲಾರ. ಅವನು ಹೇಳದುದನ್ನು ಅಂಕಿ ಹೇಳುತ್ತದೆ. ಆದರೆ ಉಪಕರಣವು ಭವಿಷ್ಯ ನುಡಿಯುವ ಜೋಯಿಸನಲ್ಲ. ಮಿಂಚಿನ ಓಟಕ್ಕೆ ಹೆಸರಾಗಿ 264 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದ ಸೋಮವಾರಪೇಟೆಯ ಎಸ್. ವಿ. ಸುನಿಲ್ ಅವರಿಗೂ ಮೊಣಕಾಲಿನ ಪೆಟ್ಟಿನಿಂದ 2018ರ ವಿಶ್ವಕಪ್ ತಪ್ಪಿಹೋಯಿತು.

ಇನ್ನೊಂದು ಮಿತಿಯೂ ಇದೆ. ಕಾಫಿ ತೋಟದಲ್ಲಿ ಸಂಜೆಯ ತಕ್ಕಡಿಯು ಕುಯ್ದ ಹಣ್ಣಿನ ತೂಕವನ್ನು ಹೇಳುತ್ತದೆ. ಹಣ್ಣನ್ನು ನೋಡಿ ಕುಯ್ದರೋ, ಕಾಯಿಯನ್ನೂ ಸೇರಿಸಿ ಬಾಚಿದರೋ ಹೇಳದು. ಹಾಗೆಯೇ ಈ ಲೆಕ್ಕಿಗನು ಎಷ್ಟು ಓಡಿದನೆಂದು ಬರೆದಿಡುತ್ತಾನೆಯೇ ಹೊರತು ಏಕೆ ಓಡಿದನೆಂದಲ್ಲ. ಚೆಂಡು ಬರುವ ಎಡೆಯನ್ನು ಮೊದಲೇ ಊಹಿಸಿ ನಾಲ್ಕೇ ಹೆಜ್ಜೆಯಿಟ್ಟ ಜಾಣನಿಗಿಂತ ಗೊತ್ತುಗುರಿಯಿಲ್ಲದೆ ಮೈದಾನವೆಲ್ಲ ಸುತ್ತಿದವನೇ ಅಲ್ಲಿ ಹೆಚ್ಚಿನವನಾಗಿ ಕಾಣಬಹುದು.

ಕೂಡಿಗೆಯ ಕ್ರೀಡಾಶಾಲೆಯಂಥ ಕಡೆಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಇದನ್ನು ಅರಿತಿರುವುದು ಒಳ್ಳೆಯದು. ಬೆಳೆಯುತ್ತಿರುವ ಮಗುವಿನ ಇಂದಿನ ಅಂಕಿ ನಾಳೆಯದಲ್ಲ. ಮಗುವಿನ ಬೆನ್ನಿಗೆ ಇಂಥ ಉಪಕರಣ ಬಂದ ದಿನ, ಆ ಲೆಕ್ಕ ಯಾರ ಕೈಯಲ್ಲಿರುತ್ತದೆ, ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಅವರು ಕೇಳಬೇಕು. ಮೈಯನ್ನು ಕಾಯುವುದಕ್ಕಾದರೆ ಅದು ಹಿತ. ಆಡುವ ಹಂಬಲವಿರುವ ಮಗುವನ್ನು ಹೊರದೂಡುವುದಕ್ಕಾದರೆ, ಕಣ್ಣಿನ ಅಳತೆಗಿಂತಲೂ ಅದು ಕೀಳು.