ಬೀಡಿಗೆ ತೆರಿಗೆ ರಿಯಾಯಿತಿ: ಯಾರ ಹೆಸರಿನಲ್ಲಿ, ಯಾರ ಲಾಭಕ್ಕೆ?

2025ರ ಸೆಪ್ಟೆಂಬರ್ 3ರಂದು ಸಿಗರೇಟು, ಗುಟ್ಕಾಗಳ ಜಿಎಸ್‌ಟಿ ದರವನ್ನು ಶೇ 40ಕ್ಕೆ ಏರಿಸಲು ತೀರ್ಮಾನಿಸಿದ ಜಿಎಸ್‌ಟಿ ಮಂಡಳಿಯು ಅದೇ ಸಭೆಯಲ್ಲಿ ಬೀಡಿಯ ದರವನ್ನು ಶೇ 28ರಿಂದ 18ಕ್ಕೂ, ಬೀಡಿ ಎಲೆಯ ದರವನ್ನು ಶೇ 18ರಿಂದ 5ಕ್ಕೂ ಇಳಿಸಲು ಒಪ್ಪಿತು. ಈ ರಿಯಾಯಿತಿಯನ್ನು ಸಮರ್ಥಿಸುವವರು ಬೀಡಿ ಕಟ್ಟುವ ಬಡ ಹೆಂಗಸರ ಹೊಟ್ಟೆಪಾಡನ್ನು ಮುಂದೊಡ್ಡುತ್ತಾರೆ. ಆದರೆ ತಂಬಾಕಿನ ಪೇಟೆಯೆಂದೇ ಹೆಸರಾದ ನಿಪ್ಪಾಣಿಯ ಚರಿತ್ರೆಯ ಮುಂದೆ ಈ ವಾದ ನಿಲ್ಲುವುದಿಲ್ಲ.

ರೋಗ ಬರುವ ಮೊದಲೇ ಅದರ ಕಾರಣವನ್ನು ತಗ್ಗಿಸುವ ಪ್ರಾಥಮಿಕ ತಡೆಯಲ್ಲಿ ಬೆಲೆಯಷ್ಟು ಬಲವಾದ ಸಾಧನ ಇನ್ನೊಂದಿಲ್ಲ, ಏಕೆಂದರೆ ಬೆಲೆ ಏರಿದಾಗ ಮೊದಲು ಚಟದಿಂದ ದೂರ ಸರಿಯುವವರು ಹುಡುಗರು ಮತ್ತು ಬಡವರು. ಬೀಡಿ ಬೇಗ ಆರುವುದರಿಂದ ಸೇದುವವನು ಅದನ್ನು ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಹಾಗಾಗಿ ಅದು ಸಿಗರೇಟಿಗಿಂತ ನಿರಪಾಯಕಾರಿಯೆಂಬ ನಂಬಿಕೆಗೆ ಆಧಾರವೇ ಇಲ್ಲ.

1986ರ ಒಟ್ಟಾವಾ ಸನ್ನದು ಆರೋಗ್ಯ ಸಂವರ್ಧನೆಯನ್ನು, ಜನರು ತಮ್ಮ ಆರೋಗ್ಯದ ಮೇಲೆ ತಾವೇ ಹಿಡಿತ ಸಾಧಿಸಲು ಶಕ್ತರಾಗುವ ಪ್ರಕ್ರಿಯೆ ಎಂದು ವಿವರಿಸಿತು. ಅದಕ್ಕೂ ಮೊದಲೇ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಧೂಳು, ಕಡಿಮೆ ಕೂಲಿ ಮತ್ತು ಮಾಲೀಕರ ದೌರ್ಜನ್ಯದ ವಿರುದ್ಧ ಸಂಘಟಿತರಾಗಿದ್ದರು. ಯುಗಾಂತರ್ ಬಳಗದ 1982ರ ಸಾಕ್ಷ್ಯಚಿತ್ರ ‘ತಂಬಾಕು ಚಾಕಿಲಾ ಊಬ್ ಆಲಿ’ ಆ ಹೋರಾಟವನ್ನು ದಾಖಲಿಸಿದೆ. ಅವರು ಕೇಳಿದ್ದು ಬದುಕಲು ಸಾಲುವಷ್ಟು ಕೂಲಿ ಮತ್ತು ಘನತೆಯ ದುಡಿಮೆಯನ್ನು. ಬೀಡಿಯ ತೆರಿಗೆ ಇಳಿಸಿರೆಂದಲ್ಲ.

ಬೀಡಿ ಕಾರ್ಮಿಕರಿಗೆಂದೇ ಮೀಸಲಾಗಿದ್ದ ತೆರಿಗೆಯೊಂದು ಇದ್ದಿತೆಂಬುದನ್ನು ರಿಯಾಯಿತಿಯ ಪರವಾದಿಗಳು ನೆನೆಯುವುದಿಲ್ಲ. 1976ರ ಕಾಯ್ದೆಯಂತೆ ಬೀಡಿಯ ಮೇಲೆ ವಿಧಿಸುತ್ತಿದ್ದ ಉಪಕರವು ಕಾರ್ಮಿಕರ ಚಿಕಿತ್ಸೆ, ವಸತಿ ಹಾಗೂ ಮಕ್ಕಳ ವಿದ್ಯಾರ್ಥಿವೇತನಕ್ಕೆ ಸಲ್ಲುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದು ರದ್ದಾಯಿತು. ಕಾರ್ಮಿಕಳ ಪಾಲನ್ನು ಕಿತ್ತು, ಈಗ ಅವಳ ಹೆಸರಿನಲ್ಲಿ ಸರಕಿನ ತೆರಿಗೆ ಇಳಿಸುವುದು ಅನ್ಯಾಯ, ಏಕೆಂದರೆ ತೆರಿಗೆ ಇಳಿದ ಮಾತ್ರಕ್ಕೆ ಸಾವಿರ ಬೀಡಿಯ ಕೂಲಿ ಒಂದು ರೂಪಾಯಿಯೂ ಏರಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ.

ಭಾರತ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೆಯ ವಿಧಿ ಬೆಳೆಗಾರರಿಗೂ ಕಾರ್ಮಿಕರಿಗೂ ಬದಲಿ ಜೀವನೋಪಾಯವನ್ನು, 18ನೆಯ ವಿಧಿ ಅವರ ಆರೋಗ್ಯದ ರಕ್ಷಣೆಯನ್ನು ಹೇಳುತ್ತವೆ. ಬದಲಿ ಎಂದೊಡನೆ ಬೆಳೆಯ ಮಾತೇ ಮುಂದೆ ಬರುತ್ತದೆ. ನಿಪ್ಪಾಣಿಯಂತೆಯೇ ಬೆಳಗಾವಿ ಜಿಲ್ಲೆಯಲ್ಲಿರುವ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನೀರಾವರಿ ಹೊಲಗಳ ಒಡೆಯನಿಗೆ ಕಬ್ಬು ಕಣ್ಣೆದುರೇ ಇದೆ. ಆದರೆ ಮೊರದಲ್ಲಿ ಎಲೆ, ತಂಬಾಕು ಇಟ್ಟುಕೊಂಡು ಮನೆಯಲ್ಲೇ ಬೀಡಿ ಕಟ್ಟುವ ಭೂಹೀನ ಹೆಂಗಸಿಗೆ ಬದಲಿಸಲು ಬೆಳೆಯೇ ಇಲ್ಲ. ಬೀಡಿಯ ತೆರಿಗೆಯನ್ನು ಮತ್ತೆ ಏರಿಸಿ, ಅದರಲ್ಲೊಂದು ಪಾಲನ್ನು ಅವಳ ಶ್ವಾಸಕೋಶದ ತಪಾಸಣೆಗೂ ಬೇರೆ ಕೆಲಸದ ತರಬೇತಿಗೂ ಕಾನೂನಿನಿಂದಲೇ ಕಟ್ಟಿಹಾಕಬೇಕು.